ಸೊನ್ನೆ ಬರೆಯಲು ಕಲಿಸಿದ ಊರು

ಬನಹಟ್ಟಿ

ಮಲ್ಲಪ್ಪ ಕಾಕಾ ನನ್ನ ತಂಗಿಯನ್ನು ಹತ್ತು ಮಂದಿಯ ಮುಂದೆ ನಿಲ್ಲಿಸಿ ಬೈಯುತ್ತಿದ್ದಾಗ, ತಪ್ಪು ಆಕೆಯದಲ್ಲ ನನ್ನದು ಎಂಬ ಒಂದು ಮಾತನ್ನು ನಾನು ಹೇಳಬೇಕಿತ್ತು. ಹೇಳಲಿಲ್ಲ. ಹೇಳದೆ ಇದ್ದುದರಿಂದಲೇ ನನಗೆ ತುರ್ಕಿ ದೇಶ ನೋಡಲು ಸಿಕ್ಕಿತು. ಇದನ್ನು ಓದುವವರಿಗೆ ಅದು ಮೊದಲೇ ಗೊತ್ತಿರಲಿ. ಕರೆ ಬಂದದ್ದು ಆಕೆಗೆ. ನಾನು ಆಕೆಯ ಸೀಟಿನಲ್ಲಿ ಕೂತು ಹೋಗಿಬಂದವನು.

ನಮ್ಮದು ಇಪ್ಪತ್ನಾಲ್ಕು ಪವರ್‌ಲೂಮಿನ ಶೆಡ್ಡು. ಅಪ್ಪ ತೀರಿದ ಮೇಲೆ ಅವರ ತಮ್ಮ ಮಲ್ಲಪ್ಪ ಕಾಕಾನೇ ಯಜಮಾನ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ನೂಲಿನ ಗೋದಾಮು ಸೇರಿದವನು, ಇವತ್ತಿಗೂ ಅಲ್ಲೇ ಇದ್ದೇನೆ. ಸುನಂದಾ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ದಿನಾ ಬಸ್ಸಿನಲ್ಲಿ ಜಮಖಂಡಿಗೆ ಹೋಗಿ ಬಂದು ಬಿ.ಕಾಂ. ಮುಗಿಸಿದಳು. ಸೀರೆ ನೇಯುತ್ತಿದ್ದ ನಾವು ಈಚೆಗೆ ಸೊಲ್ಲಾಪುರದ ವ್ಯಾಪಾರಿಯೊಬ್ಬರ ಮೂಲಕ ತುರ್ಕಿಯ ಒಂದು ಗಿರಣಿಗೆ ಮೇಜಿನ ಮೇಲೆ ಹಾಸುವ ಪಟ್ಟಿಬಟ್ಟೆ ನೇಯ್ದು ಕಳಿಸುತ್ತೇವೆ. ಆ ಗಿರಣಿಯವರದು ಒಂದು ಕರಾರು. ತಮಗೆ ಬಟ್ಟೆ ಕೊಡುವವರೆಲ್ಲ ತಮ್ಮ ಇಆರ್‌ಪಿ ಸಾಫ್ಟ್‌ವೇರಿನಲ್ಲೇ ದಿನದ ಲೆಕ್ಕ ತುಂಬಬೇಕು.

ಅದೇನು ಎಂದು ನಾನು ಕೇಳಿದಾಗ ಸುನಂದಾ, “ಅಪ್ಪನ ತಲಿಯೊಳಗ ಏನೇನ ಇತ್ತಲ್ಲ ಅಣ್ಣಾ, ಅದನ್ನೆಲ್ಲಾ ಹೊರಗ ತಗದ ಇಟ್ಟಂಗ,” ಎಂದಳು. ಯಾವ ಬಟ್ಟೆಗೆ ಯಾವ ನೂಲು ಎಷ್ಟು ಬೇಕು, ನೂಲು ಬಣ್ಣದಿಂದ ಹಾಸು ಎಂಬ ಉದ್ದೆಳೆಗಳ ಜೋಡಣೆಗೆ, ಹಾಸಿನಿಂದ ಮಗ್ಗಕ್ಕೆ ಯಾವ ದಾರಿ ಹಿಡಿಯುತ್ತದೆ, ಯಾವ ಮಗ್ಗ ಯಾವ ದಿನ ಬಿಡುವಾಗುತ್ತದೆ, ಎಲ್ಲ ಅದರಲ್ಲಿ ತುಂಬಿರುತ್ತದೆ. ಪ್ರತಿ ಸಂಜೆ ಅದು ತಾನೇ ಒಂದು ಲೆಕ್ಕ ಓಡಿಸುತ್ತದೆ. ಬಂದ ಆರ್ಡರಿಗೆ ಬೇಕಾದ ನೂಲೆಷ್ಟು, ಗೋದಾಮಿನಲ್ಲಿ ಇರುವುದೆಷ್ಟು, ದಾರಿಯಲ್ಲಿ ಬರುತ್ತಿರುವುದೆಷ್ಟು ಎಂದು ನೋಡಿ, ಕಡಿಮೆ ಬಿದ್ದದ್ದನ್ನು ಯಾವತ್ತು ತರಿಸಬೇಕೆಂದು ಹೇಳುತ್ತದೆ. ಸುನಂದಾ ಅದರಂತೆ ನೂಲು ತರಿಸುತ್ತಿದ್ದಳು. ಗೋದಾಮಿನಲ್ಲಿ ಇರುವುದೆಷ್ಟು ಎಂಬುದನ್ನು ಮಾತ್ರ ದಿನಾ ನಾನು ತುಂಬಬೇಕಿತ್ತು. ಕಂಪ್ಯೂಟರಿಗೆ ಎದ್ದುಬಂದು ಗೋದಾಮು ನೋಡಲು ಕಾಲಿಲ್ಲ. ನಾನು ಬರೆದದ್ದನ್ನು ಅದು ನಂಬುತ್ತದೆ.

ನಾನು ಎಡವಿದ್ದು ಅಲ್ಲಿಯೇ. ನಮ್ಮ ಮನೆಯಲ್ಲಿ ಯಾವುದನ್ನೂ ‘ಇಲ್ಲ’ ಅನ್ನುವ ರೂಢಿಯಿಲ್ಲ. ಜೋಳ ತೀರಿದರೆ ಅವ್ವ ‘ಜೋಳ ಹೆಚ್ಚಾಗೇತಿ’ ಎನ್ನುತ್ತಾಳೆ. ಗಡಿಗೆಯ ತಳದಲ್ಲಿ ಒಂದು ಹಿಡಿ ಉಳಿಸಿಕೊಂಡೇ ಹೊಸ ಜೋಳ ಸುರಿಯುತ್ತಾಳೆ. ಅಪ್ಪ ನನಗೆ ಗೋದಾಮು ಒಪ್ಪಿಸಿದಾಗ ಕಲಿಸಿದ್ದೂ ಇದನ್ನೇ. ಯಾವ ಬಣ್ಣದ ನೂಲೇ ಆಗಲಿ, ನೂಲು ಸುತ್ತಿದ ಕಡೆಯ ಒಂದು ಕೋನು ಕಪಾಟಿನಿಂದ ಇಳಿಯಕೂಡದು. ದಾಳಿಂಬ ಬಣ್ಣದ ನೂಲು ತೀರಿ ಆ ಒಂದು ಕೋನು ಮಾತ್ರ ಉಳಿದ ದಿನ, ಪರದೆಯ ಮೇಲೆ ಸೊನ್ನೆ ಒತ್ತಲು ನನಗೆ ಬೆರಳು ಬರಲಿಲ್ಲ. ಸೊನ್ನೆ ಇದ್ದರೆ ಸೊನ್ನೆಯನ್ನೇ ಬರೆಯಬೇಕೆಂದು ಸುನಂದಾ ಎರಡು ಸಲ ಹೇಳಿದ್ದಳು. ಸಂಖ್ಯೆ ತುಂಬುವ ಆ ಖಾನೆಯಲ್ಲಿ ಲೆಕ್ಕ ಹತ್ತಾರು ಕೋನು ಹಿಡಿಯುವ ಚೀಲದ್ದು, ಕೋನಿನದಲ್ಲ ಎಂಬುದೂ ಗೊತ್ತಿತ್ತು. ಆದರೂ ಒಂದು ಎಂದು ಬರೆದೆ. ಹೇಗೂ ವಾರದಲ್ಲಿ ಹೊಸ ನೂಲು ಬಂದೇ ಬರುತ್ತದೆ, ಆಗ ಸರಿಹೋಗುತ್ತದೆ ಅಂದುಕೊಂಡೆ. ಒಂದು ಎಂದು ಬರೆದ ಕಾರಣಕ್ಕೇ ಹೊಸ ನೂಲು ಬರುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಮುಂದಿನ ಆರ್ಡರಿನ ಬಟ್ಟೆಯ ದಾಳಿಂಬ ಪಟ್ಟಿಗೆ ಒಂದೇ ಚೀಲ ಸಾಕಿತ್ತು. ಇದೆಯಲ್ಲ ಎಂದು ಕಂಪ್ಯೂಟರ್ ಸುಮ್ಮನಿತ್ತು.

ಒಂದು ಮುಂಜಾನೆ ಆರು ಮಗ್ಗಗಳು ನಿಂತವು. ನೇಕಾರರು ದಾಳಿಂಬ ನೂಲು ಕೇಳಿಕೊಂಡು ಗೋದಾಮಿಗೆ ಬಂದರು. ಸುನಂದಾ ಇನ್ನೂ ಬಂದಿರಲಿಲ್ಲ. ನಾನು ಆಫೀಸಿನ ಕೋಣೆಗೆ ಹೋಗಿ, ನಾನು ಬರೆದಿದ್ದ ಒಂದನ್ನು ತೆಗೆದು ಸೊನ್ನೆ ಮಾಡಿದೆ. ಇದನ್ನು ಸರಿಪಡಿಸುವುದು ಎಂದು ಅವತ್ತು ಕರೆದುಕೊಂಡೆ.

ಕಾಕಾ ಬಂದು ಪರದೆ ನೋಡಿದರು. “ಸೊನ್ನಿ ಕಾಣಾಕತ್ತೈತಿ. ನೂಲ ಯಾಕ ತರಸಲಿಲ್ಲ?”

“ನಿನ್ನಿ ತನಾ ಒಂದ ಚೀಲ ಇತ್ತ ಕಾಕಾ,” ಎಂದಳು ಸುನಂದಾ.

“ಇತ್ತಂದ್ರ ರಾತ್ರಿ ಎದ್ದ ನಡಕೊಂತ ಹೋತೇನ?”

ನೇಕಾರರು ನಕ್ಕರು. ಸುನಂದಾ ನನ್ನ ಕಡೆ ತಿರುಗಿದಳು. ನಾನು ಬಾಗಿಲಾಚೆ ಗೋದಾಮಿನ ಕಪಾಟಿನ ಕೋನುಗಳನ್ನು ಎಣಿಸುತ್ತಿದ್ದೆ. ಆಗಲೇ ಒಂದು ಸಲ ಎಣಿಸಿದ್ದವೇ.

ಆ ಬಣ್ಣ ಮಾಡಿಸಿ ತರಲು ಹತ್ತು ದಿನ ಹಿಡಿಯಿತು. ಬಟ್ಟೆ ತಡವಾಗಿ ಹೋಯಿತು. ಕಾಕಾ ಸುನಂದಾಳನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಯಂತ್ರಕ್ಕೆ ಕೂರಿಸಿದರು. ಅದೇ ತಿಂಗಳು ತುರ್ಕಿಯ ಗಿರಣಿಯಿಂದ ಕರೆ ಬಂತು. ಬಟ್ಟೆ ಕೊಡುವ ಪ್ರತಿ ಶೆಡ್ಡಿನಿಂದ ಯೋಜನೆ ನೋಡಿಕೊಳ್ಳುವ ಒಬ್ಬರು ಬಂದು ಒಂದು ವಾರ ತಮ್ಮ ಕೆಲಸ ನೋಡಿಹೋಗಲಿ ಎಂದು. ಕಾಕಾ ನನ್ನ ಹೆಸರು ಬರೆಸಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಹೊರಡುವ ಮುಂಚಿನ ದಿನ ಸುನಂದಾ ಒಂದು ನೋಟಬುಕ್ ತಂದುಕೊಟ್ಟಳು. ಹನ್ನೊಂದು ಪ್ರಶ್ನೆಗಳನ್ನು ಬರೆದು, ಒಂದೊಂದರ ಕೆಳಗೂ ಉತ್ತರಕ್ಕೆ ಜಾಗ ಬಿಟ್ಟಿದ್ದಳು.

“ಹೊಂಟೀದಿ ಅಂದಮ್ಯಾಲ ಕೇಳಕೊಂಡ ಬಾ ಅಣ್ಣಾ. ಅವರ ಹ್ಯಾಂಗ ಹೇಳತಾರ ಹಂಗ ಬರಿ. ನಿನ್ನ ಕಡಿಂದ ಏನೂ ಸೇರಸಬ್ಯಾಡ.”

ಮುಂಬೈ, ಇಸ್ತಾಂಬುಲ್

ಅವ್ವ ಒಂದು ಡಬ್ಬಿ ತುಂಬ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿದ್ದಳು. ಮುಂಬೈ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಗುರೆಳ್ಳು ಚಟ್ನಿ ಸಿಕ್ಕಿಬಿತ್ತು. ಕರಿ ಪುಡಿ, ಬಿಗಿಯಾಗಿ ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲ. ಅಧಿಕಾರಿ ಅದನ್ನು ಎತ್ತಿಹಿಡಿದು ನನ್ನನ್ನೂ ಅದನ್ನೂ ನೋಡಿದರು. ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವರು ಮೂಗಿಗೆ ಹಿಡಿದು ನೋಡಿ, ಮೂರು ಸಲ ಸೀನಿ, ಹೋಗೆಂದು ಕೈಬೀಸಿದರು.

ಇಸ್ತಾಂಬುಲಿನಲ್ಲಿ ಇನ್ನೊಂದು ವಿಮಾನ ಹಿಡಿಯಬೇಕಿತ್ತು. ಬೀಳಗಿಯಿಂದ ಬಾಗಲಕೋಟೆಗೆ ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಊರು ಕೂಗುತ್ತಾನೆ, ಕಿವಿ ಇದ್ದರೆ ಸಾಕು. ಅಲ್ಲಿ ಯಾರೂ ಕೂಗುವುದಿಲ್ಲ. ದೊಡ್ಡ ಪರದೆಯ ಮೇಲೆ ಊರುಗಳ ಹೆಸರು ಸರಸರ ಬದಲಾಗುತ್ತಿದ್ದವು. ನಾನು ಒಂದು ಉಪಾಯ ಮಾಡಿದೆ. ನನ್ನಂಥದೇ ಬಿಳಿ ಚೀಟಿ ಹಿಡಿದಿದ್ದ ಒಂದು ಕುಟುಂಬದ ಬೆನ್ನು ಹತ್ತಿದೆ. ಅವರು ಒಂದು ಬಾಗಿಲ ಮುಂದೆ ಕೂತರು, ನಾನೂ ಕೂತೆ. ಅವರು ಹಣ್ಣು ತಿಂದರು, ನನಗೂ ಒಂದು ಕೊಟ್ಟರು. ವಿಮಾನ ಏರುವ ಸಾಲಿನಲ್ಲಿ ನಿಂತಾಗ ತಿಳಿಯಿತು, ಅವರು ಹೋಗುತ್ತಿದ್ದುದು ಬೇರೆಯೇ ಊರಿಗೆ. ಸಮವಸ್ತ್ರದ ಹೆಣ್ಣುಮಗಳೊಬ್ಬಳು ನನ್ನ ಚೀಟಿ ನೋಡಿ, ನನ್ನ ತೋಳು ಹಿಡಿದು, ಅರ್ಧ ಓಡುತ್ತ ಸರಿಯಾದ ಬಾಗಿಲಿಗೆ ಮುಟ್ಟಿಸಿದಳು.

ಆ ವಿಮಾನದಲ್ಲಿ ಕೂತು ಉಸಿರು ಹತೋಟಿಗೆ ಬಂದ ಮೇಲೆ ನೋಟಬುಕ್ ತೆರೆದೆ. ಹತ್ತು ಪ್ರಶ್ನೆಗಳು ಕೆಲಸದವು. ಹಾಸಿನ ಲೆಕ್ಕ, ಬಣ್ಣಕ್ಕೆ ಹಿಡಿಯುವ ದಿನ, ಕೆಟ್ಟ ಬಟ್ಟೆ ಬರೆಯುವ ಬಗೆ. ಹನ್ನೊಂದನೆಯದು ಹೀಗಿತ್ತು: ‘ಒಮ್ಮೆ ತುಂಬಿದ ಸಂಖ್ಯೆಯನ್ನು ಆಮೇಲೆ ಬದಲಿಸಿದರೆ, ಯಾರು ಬದಲಿಸಿದರು, ಯಾವಾಗ ಬದಲಿಸಿದರು ಎಂದು ಅಲ್ಲಿ ತಿಳಿಯುತ್ತದೆಯೇ?’

ಕೆಳಗೆ ಉತ್ತರಕ್ಕೆ ಎರಡು ಸಾಲು ಬಿಟ್ಟಿದ್ದಳು. ಸಂಶಯದಿಂದ ಬರೆದಳೋ, ತನ್ನ ಕಣ್ಣೇ ತಪ್ಪಿತೋ ಎಂದು ತಿಳಿದುಕೊಳ್ಳಲು ಬರೆದಳೋ ನನಗೆ ಗೊತ್ತಾಗಲಿಲ್ಲ. ನೋಟಬುಕ್ ಮುಚ್ಚಿ ಕಿಟಕಿಯಾಚೆ ನೋಡುತ್ತ ಕೂತೆ.

ದೇನಿಜ್ಲಿ: ಮೊದಲ ದಿನ

ಗಿರಣಿ ಇರುವ ಊರು ದೇನಿಜ್ಲಿ. ಊರ ನಡುವೆ ದೊಡ್ಡ ಹುಂಜದ ಪ್ರತಿಮೆ ಇದೆ. ಅಲ್ಲಿಯ ಹುಂಜ ಉದ್ದಕ್ಕೆ ಕೂಗುವುದಕ್ಕೆ ಹೆಸರುವಾಸಿಯಂತೆ. ದೂರದಲ್ಲಿ ಒಂದು ಗುಡ್ಡ ಬಿಳಿಯಾಗಿ ಕಾಣುತ್ತದೆ, ಯಾರೋ ಗುಡ್ಡದ ಮೇಲೆ ಹತ್ತಿ ಒಣಹಾಕಿದ ಹಾಗೆ. ಸುತ್ತ ನಿಜವಾಗಿಯೂ ಹತ್ತಿ ಹೊಲಗಳಿವೆ, ದಾಳಿಂಬದ ತೋಟಗಳಿವೆ. ಮುಧೋಳದ ಕಡೆಯ ಕಬ್ಬನ್ನು ತೆಗೆದು ಅಲ್ಲಿ ಹತ್ತಿ ಹಾಕಿದರೆ ಆ ಸೀಮೆ ಹೀಗೇ ಕಾಣಬಹುದು.

ಗಿರಣಿಯಲ್ಲಿ ನನ್ನನ್ನು ನೋಡಿಕೊಂಡವರು ನೆರ್ಮಿನ್ ಎಂಬ ಹೆಂಗಸು. ಐವತ್ತರ ಸುಮಾರು, ಕೊರಳಿಗೆ ದಾರ ಕಟ್ಟಿದ ಕನ್ನಡಕ. ಇಡೀ ಗಿರಣಿಯ ಉತ್ಪಾದನೆಯ ಯೋಜನೆ ಮಾಡುವವರು ಅವರೇ. ಅವರಿಗಿಂತ ಹಿರಿಯ ಗಂಡಸರೂ ಅವರನ್ನು ‘ಅಬ್ಲಾ’ ಎಂದು ಕರೆಯುತ್ತಾರೆ. ಅಬ್ಲಾ ಎಂದರೆ ಅಕ್ಕ. ಮಗ್ಗ ದುರಸ್ತಿ ಮಾಡುವ ಆರಡಿಯ ಜಾಬರನೊಬ್ಬ ಅವರ ಮುಂದೆ ಬಂದು ‘ಅಬ್ಲಾ’ ಎಂದು ಕೈಕಟ್ಟಿ ನಿಂತದ್ದನ್ನು ಕಂಡಾಗ ನಮ್ಮ ಕಂಡಿಕೆ ಯಂತ್ರ ಕಣ್ಣಮುಂದೆ ಬಂತು.

ನನಗೂ ಅವರಿಗೂ ನಡುವೆ ಒಂದು ಮೊಬೈಲು. ಅವರು ತಮ್ಮ ಭಾಷೆಯಲ್ಲಿ ಮಾತಾಡಿದರೆ ಅದು ಕನ್ನಡದಲ್ಲಿ ಹೇಳುತ್ತದೆ. ನಾನು ಹೇಳಿದ್ದನ್ನು ಅವರ ಭಾಷೆಗೆ ಹಾಕುತ್ತದೆ. ಆದರೆ ಅದಕ್ಕೆ ನಮ್ಮ ಬನಹಟ್ಟಿಯ ಮಾತು ಬಾರದು. ‘ನೂಲ ಹ್ಯಾಂಗ ತರಸ್ತೀರಿ’ ಅಂದರೆ ಮಿಕಿಮಿಕಿ ನೋಡುತ್ತದೆ. ‘ನೂಲನ್ನು ಹೇಗೆ ತರಿಸಿಕೊಳ್ಳುತ್ತೀರಿ’ ಎಂದು ಶಾಲೆಯಲ್ಲಿ ಪಾಠ ಓದಿದ ಹಾಗೆ ಅಂದರೆ ಮಾತ್ರ ಒಪ್ಪುತ್ತದೆ. ಏಳನೆಯ ಇಯತ್ತೆಯಲ್ಲಿ ಬಿಟ್ಟ ಕನ್ನಡ ವಾಚನವನ್ನು ನಾನು ತುರ್ಕಿಯಲ್ಲಿ ಮುಂದುವರಿಸಿದೆ.

ಅಲ್ಲಿಯ ಚಹಾ ಹಾಲಿಲ್ಲದ್ದು, ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಕೊಡುತ್ತಾರೆ. ಕುಡಿದು ಇಟ್ಟೆ, ತುಂಬಿದರು. ಕುಡಿದೆ, ಮತ್ತೆ ತುಂಬಿದರು. ಉಳಿಸಿದರೆ ಮರ್ಯಾದೆ ಅಲ್ಲ ಎಂದು ನಾನು ಕುಡಿಯುತ್ತಲೇ ಹೋದೆ. ಏಳನೆಯ ಲೋಟಕ್ಕೆ ನೆರ್ಮಿನ್ ನಗುತ್ತ, ತಮ್ಮ ಸಣ್ಣ ಚಮಚವನ್ನು ಲೋಟದ ಬಾಯಿಗೆ ಅಡ್ಡ ಇಟ್ಟು ತೋರಿಸಿದರು. ಹಾಗಿಟ್ಟರೆ ಸಾಕು ಎಂದು ಅರ್ಥವಂತೆ. ಬಾಯಿಬಿಟ್ಟು ಹೇಳಬೇಕಾಗಿಲ್ಲ, ಯಾರಿಗೂ ಬೇಸರವಿಲ್ಲ.

ಮಧ್ಯಾಹ್ನ ಊಟದ ಅಂಗಡಿಯಲ್ಲಿ ಇನ್ನೊಂದು ಫಜೀತಿ. ಮಾಂಸವಿಲ್ಲದ ಪಲ್ಯ ಇದೆಯೇ ಎಂದು ಮೊಬೈಲಿನಿಂದ ಕೇಳಿಸಿದೆ. ಅಂಗಡಿಯವನು ಹುಬ್ಬೇರಿಸಿ, ಗದ್ದವನ್ನು ಮೇಲಕ್ಕೆತ್ತಿ, ನಾಲಿಗೆಯಿಂದ ಲೊಚ್ ಎಂದ. ನಾನು ಹೌದೆಂದುಕೊಂಡು ಕೂತೆ. ಬಹಳ ಹೊತ್ತು ಕೂತೆ. ಅವನು ಬೇರೆಯವರಿಗೆ ಬಡಿಸುತ್ತ ನಡುನಡುವೆ ನನ್ನನ್ನು ನೋಡುತ್ತಿದ್ದ. ಆಮೇಲೆ ಗೊತ್ತಾಯಿತು, ಆ ಗದ್ದ ಎತ್ತುವುದು ‘ಇಲ್ಲ’ ಎನ್ನುವ ರೀತಿ. ಬಾಯಲ್ಲಿ ಹೇಳುವುದಾದರೆ ‘ಯೋಕ್’.

ಆ ಒಂದು ಮಾತನ್ನು ಆ ಜನ ದಿನಕ್ಕೆ ನೂರು ಸಲ ಆಡುತ್ತಾರೆ. ಬ್ರೆಡ್ಡಿನ ಅಂಗಡಿಯಲ್ಲಿ ಬ್ರೆಡ್ಡು ತೀರಿದರೆ ಯೋಕ್. ಬಸ್ಸಿನಲ್ಲಿ ಜಾಗವಿಲ್ಲದಿದ್ದರೆ ಯೋಕ್. ಹೇಳುವವರ ಮುಖ ಬಾಡುವುದಿಲ್ಲ, ಕೇಳಿದವರೂ ನೊಂದುಕೊಳ್ಳುವುದಿಲ್ಲ. ನಮ್ಮ ರಬಕವಿ ಪೇಟೆಯಲ್ಲಿ ಯಾವ ಅಂಗಡಿಯವನು ಹಾಗೆ ಹೇಳಿಯಾನು? ‘ನಾಳಿ ಬರತೈತ್ರಿ’ ಎನ್ನುತ್ತಾನೆ. ನಾಳೆ ಹೋದರೆ ‘ಈಗರ ಹೋತ್ರಿ’ ಎನ್ನುತ್ತಾನೆ. ಇಲ್ಲ ಎಂಬುದು ಅಲ್ಲಿ ಬರೀ ಒಂದು ಸುದ್ದಿ. ನಮ್ಮಲ್ಲಿ ಅದು ಅಪಶಕುನ. ನಾನು ಆ ದಿನವೆಲ್ಲ ಯಾರು ಎಲ್ಲಿ ಯೋಕ್ ಅನ್ನುತ್ತಾರೆ ಎಂದು ಕಿವಿಗೊಟ್ಟು ಓಡಾಡಿದೆ.

ಗಿರಣಿಯ ಒಳಗೆ

ಗಿರಣಿಯ ಮಗ್ಗಗಳು ನಮ್ಮವಕ್ಕಿಂತ ಎಷ್ಟೋ ಜೋರು. ಲಾಳಿಯೇ ಇಲ್ಲ, ಗಾಳಿಯೇ ಹೊಕ್ಕು ನೂಲನ್ನು ಎಳೆದೊಯ್ಯುತ್ತದೆ. ಅಲ್ಲಿ ಯಾರಾದರೂ ಕೆಲಸ ಮಾಡುತ್ತಿರುವವರ ಪಕ್ಕ ಹಾದುಹೋದರೆ ‘ಕೊಲಾಯ್ ಗೆಲ್ಸಿನ್’ ಎನ್ನಬೇಕು. ಕೆಲಸ ಹಗುರಾಗಲಿ ಎಂಬ ಹಾರೈಕೆ. ನಮ್ಮಲ್ಲಿ ನೇಕಾರನ ಪಕ್ಕ ಹಾದರೆ ‘ಎಷ್ಟ ಆತು?’ ಎನ್ನುತ್ತೇವೆ. ನಾನು ಎರಡು ದಿನದಲ್ಲಿ ಅದನ್ನು ಕಲಿತು ಕಂಡಕಂಡವರಿಗೆಲ್ಲ ಹೇಳಿದೆ. ಗೋಡೆಗೆ ಒರಗಿ ಬಿಡುವಿನಲ್ಲಿ ಸಿಗರೇಟು ಸೇದುತ್ತಿದ್ದವನಿಗೂ ಹೇಳಿದ್ದಕ್ಕೆ ಅವನು ಕೆಮ್ಮಿ ಕೆಮ್ಮಿ ನಕ್ಕ.

ನೆರ್ಮಿನ್ ಅವರ ಕೋಣೆಯ ಗೋಡೆಯಷ್ಟಗಲದ ಪರದೆಯ ಮೇಲೆ ಪ್ರತಿ ಮಗ್ಗಕ್ಕೂ ಒಂದು ಅಡ್ಡಗೆರೆ. ಗೆರೆಯ ಮೇಲೆ ಬಣ್ಣಬಣ್ಣದ ತುಂಡುಗಳು, ಒಂದೊಂದು ತುಂಡು ಒಂದೊಂದು ಆರ್ಡರು. ಒಂದು ಮಗ್ಗ ಕೆಟ್ಟು ನಿಂತರೆ ಅದರ ತುಂಡುಗಳೆಲ್ಲ ಬಲಕ್ಕೆ ಸರಿಯುತ್ತವೆ, ಸರಿದು ಹಡಗಿನ ದಿನಕ್ಕೆ ತಾಗಿದರೆ ಕೆಂಪಾಗುತ್ತವೆ. ನಮ್ಮ ಶೆಡ್ಡಿಗೂ ಅದರಲ್ಲಿ ಒಂದು ಗೆರೆ ಇತ್ತು, ತೀರಾ ಕೆಳಗೆ. ಬನಹಟ್ಟಿ ಎಂದು ಅವರ ಅಕ್ಷರದಲ್ಲಿ ಬರೆದಿತ್ತು. ಅಷ್ಟು ದೂರದ ಗೋಡೆಯ ಮೇಲೆ ಊರಿನ ಹೆಸರು ಕಂಡಾಗ ಯಾರೋ ಗುರುತಿನವರು ಸಿಕ್ಕಂತಾಯಿತು.

ನನಗೆ ಎಲ್ಲಕ್ಕಿಂತ ಸೋಜಿಗವಾದದ್ದು ಅವರು ದಿನ ಎಣಿಸುವ ರೀತಿ. ನಾವು ಇವತ್ತು ಹಾಸು ಹೂಡುತ್ತೇವೆ, ಬಟ್ಟೆ ಮುಗಿದಾಗ ಮುಗಿಯಿತು. ಅವರು ಬಟ್ಟೆ ಹಡಗು ಹತ್ತುವ ದಿನವನ್ನು ಮೊದಲು ಹಿಡಿದು ಅಲ್ಲಿಂದ ಹಿಂದಕ್ಕೆ ಬರುತ್ತಾರೆ. ಮಡಿಸಿ ಕಟ್ಟಲು ಎರಡು ದಿನ, ನೇಯ್ಗೆಗೆ ಒಂಬತ್ತು, ಹಾಸು ಹೂಡಲು ಎರಡು, ಬಣ್ಣಕ್ಕೆ ಹತ್ತು. ಹಾಗೆ ಎಣಿಸಿದಾಗ ಕಡೆಗೆ ಬಂದು ನಿಲ್ಲುವ ದಿನವೇ ನೂಲಿಗೆ ಹೇಳಿಕಳಿಸಬೇಕಾದ ದಿನ. ಆ ದಿನ ನಿನ್ನೆಯೇ ಆಗಿಹೋಗಿದ್ದರೆ ಕಂಪ್ಯೂಟರ್ ಅದನ್ನೂ ಮುಚ್ಚಿಡದೆ ಹೇಳುತ್ತದೆ. ಯೋಚಿಸಿದರೆ ಮದುವೆಗೆ ನಾವು ಮಾಡುವುದೂ ಇದನ್ನೇ. ಮುಹೂರ್ತ ಇಟ್ಟುಕೊಂಡು ಹಿಂದಕ್ಕೆ ಎಣಿಸಿ ಹಂದರ, ಬಟ್ಟೆ, ಕಾರ್ಡು ಎಲ್ಲ ಗೊತ್ತುಮಾಡುತ್ತೇವೆ. ಬಟ್ಟೆಯನ್ನು ಮಾತ್ರ ಯಾಕೆ ಹಾಗೆ ನೇಯಲಿಲ್ಲವೋ.

ದಿನಾ ಚಹಾದ ಹೊತ್ತಿಗೆ ನಾನು ಒಂದೆರಡು ಪ್ರಶ್ನೆ ಕೇಳುವುದು, ನೆರ್ಮಿನ್ ಪರದೆ ತೆರೆದು ತೋರಿಸುವುದು, ಮೊಬೈಲು ಪುಸ್ತಕದ ಕನ್ನಡದಲ್ಲಿ ಹೇಳುವುದು, ನಾನು ಸುನಂದಾ ಬಿಟ್ಟ ಜಾಗದಲ್ಲಿ ಬರೆಯುವುದು. ಬರೆದ ಮೇಲೆ ಪ್ರಶ್ನೆಯ ಪಕ್ಕ ಒಂದು ಟಿಕ್. ಕೆಟ್ಟ ಬಟ್ಟೆಯನ್ನು ಕೆಟ್ಟದ್ದೆಂದೇ ಬರೆದು ಕಾರಣ ಹಾಕಬೇಕು, ಇಲ್ಲವಾದರೆ ಅಷ್ಟು ನೂಲು ಇನ್ನೂ ಗೋದಾಮಿನಲ್ಲಿದೆ ಎಂದು ಲೆಕ್ಕ ಮೋಸಹೋಗುತ್ತದೆ ಎಂದರು. ಇಷ್ಟು ಚಂದದ ಪ್ರಶ್ನೆ ಬರೆದುಕೊಟ್ಟವರು ಯಾರು ಎಂದೂ ವಿಚಾರಿಸಿದರು.

“ನನ್ನ ತಂಗಿ,” ಎಂದೆ.

“ಅವರು ಏಕೆ ಬರಲಿಲ್ಲ?” ಎಂದಿತು ಮೊಬೈಲು.

ನನಗೆ ಹೊಟ್ಟೆ ಸರಿಯಿಲ್ಲ ಎಂದು ಎದ್ದುಹೋದೆ. ಅದು ಪೂರಾ ಸುಳ್ಳೂ ಆಗಿರಲಿಲ್ಲ. ಆ ಚಹಾ ಹಾಗಿತ್ತು.

ಬುಲ್ದಾನ್

ರವಿವಾರ ಗಿರಣಿಗೆ ಸೂಟಿ. ನೆರ್ಮಿನ್ ನನ್ನನ್ನು ತಮ್ಮ ಊರು ಬುಲ್ದಾನಿಗೆ ಕರೆದುಕೊಂಡು ಹೋದರು. ಅದು ಗುಡ್ಡದ ಮೇಲಿನ ನೇಕಾರರ ಊರು. ಏರು ಓಣಿಗಳು, ಕಟ್ಟಿಗೆಯ ಮನೆಗಳು, ಅಂಗಡಿಯ ಬಾಗಿಲಲ್ಲೆಲ್ಲ ತೂಗುಹಾಕಿದ ಸುಕ್ಕು ಸುಕ್ಕಾದ ಹತ್ತಿಬಟ್ಟೆ. ಓಣಿಯಲ್ಲಿ ಕಾಲಿಟ್ಟ ಕೂಡಲೇ ಗೋಡೆಯ ಹಿಂದಿನಿಂದ ಮಗ್ಗದ ಸಪ್ಪಳ ಬಂತು. ಕಣ್ಣು ಮುಚ್ಚಿದರೆ ಬನಹಟ್ಟಿ. ಒಂದು ಮನೆಯ ಕೈಮಗ್ಗದಲ್ಲಿ ಕೂತ ಮುದುಕನ ಹಾಸಿನ ಎಳೆಯೊಂದು ಕಡಿದಿತ್ತು. ಕೇಳದೆಯೇ ನನ್ನ ಕೈ ಹೋಗಿ ಗಂಟು ಹಾಕಿತು. ಮುದುಕ ಬಾಗಿ ಗಂಟನ್ನು ಬೆರಳಿನಿಂದ ಮುಟ್ಟಿ, ತಾನೊಂದು ಎಳೆ ಕಡಿದು ಅದೇ ಗಂಟು ಹಾಕಿ ತೋರಿಸಿದ.

ನೆರ್ಮಿನ್ ಅವರ ಮನೆಯಲ್ಲಿ ನಾನು ಕಟಕ ರೊಟ್ಟಿಯ ಡಬ್ಬಿ ತೆಗೆದೆ. ಅವರ ತಾಯಿ ಒಂದು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಒಳಗೆ ಹೋಗಿ, ಒಂದು ಮೊಳ ಎತ್ತರದ ತೆಳ್ಳನೆಯ ಒಣರೊಟ್ಟಿಯ ಅಟ್ಟಿಯನ್ನೇ ಹೊತ್ತು ತಂದರು. ಅವರೂ ತಿಂಗಳುಗಟ್ಟಲೆ ಇಡುವ ಹಾಗೆ ಮಾಡಿಟ್ಟುಕೊಳ್ಳುತ್ತಾರಂತೆ. ನಾನು ಹಿಗ್ಗುವಷ್ಟರಲ್ಲಿ ಆಯಮ್ಮ ನನ್ನ ರೊಟ್ಟಿಗಳ ಮೇಲೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಸುತ್ತಿಟ್ಟುಬಿಟ್ಟರು. ಅವರಲ್ಲಿ ಹಾಗೆ ಮೆತ್ತಗೆ ಮಾಡಿಯೇ ತಿನ್ನುವುದು. ಕಟುಕುಟು ಎನ್ನದ ಕಟಕ ರೊಟ್ಟಿಯನ್ನು ನಾನು ಹುಟ್ಟಿದಾಗಿನಿಂದ ತಿಂದಿರಲಿಲ್ಲ. ಅವ್ವನಿಗೆ ಇದನ್ನು ಹೇಳಬಾರದು ಎಂದುಕೊಂಡು ತಿಂದೆ. ಚಟ್ನಿ ಹಚ್ಚಿಕೊಂಡರೆ ಅದೂ ಛಲೋ ಇತ್ತು.

ಊಟವಾದ ಮೇಲೆ ನೆರ್ಮಿನ್ ನೆರೆಮನೆಯವರು ಪಲ್ಯ ಕೊಟ್ಟುಕಳಿಸಿದ್ದ ತಟ್ಟೆಯನ್ನು ತೊಳೆದು, ಅದಕ್ಕೆ ಒಂದಿಷ್ಟು ಅಂಜೂರ ಹಾಕಿ ವಾಪಸು ಕೊಟ್ಟರು. ತಟ್ಟೆ ಬರಿದಾಗಿ ಹೋಗಬಾರದಂತೆ. ನಮ್ಮ ಮನೆಯಲ್ಲೂ ಬಟ್ಟಲಿಗೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ ಎಂದೆ. ಆ ಹೊತ್ತಿನ ಸಲಿಗೆಯಲ್ಲಿ ನಾಲ್ಕನೆಯ ಪ್ರಶ್ನೆ ಓದಿದೆ: ‘ನಮ್ಮಲ್ಲಿ ಪ್ರತಿ ಬಣ್ಣದ ಒಂದು ಕೋನನ್ನು ಕಾಯಂ ಕಪಾಟಿನಲ್ಲಿ ಇಡುವ ರೂಢಿ. ಅದನ್ನು ಮುರಿಯದೆ ಲೆಕ್ಕ ಸರಿಯಿಡುವುದು ಹೇಗೆ?’ ಅಪ್ಪನ ಕಾಲದ ಕೋನಿನ ವಿಷಯ, ಅವ್ವನ ಗಡಿಗೆಯ ವಿಷಯ ನಾನೇ ವಿವರಿಸಿದೆ.

ನೆರ್ಮಿನ್ ಕನ್ನಡಕ ಏರಿಸಿದರು. ಅದಕ್ಕೊಂದು ಖಾನೆಯೇ ಇದೆ ಎಂದರು. ಯಾವಾಗಲೂ ಇಷ್ಟು ಇರಲೇಬೇಕು, ಇದನ್ನು ಮುಟ್ಟಬೇಡ ಎಂದು ಮೊದಲೇ ತುಂಬಿಟ್ಟರೆ ಕಂಪ್ಯೂಟರ್ ಅದನ್ನು ಬಿಟ್ಟೇ ಉಳಿದದ್ದನ್ನು ಎಣಿಸುತ್ತದೆ.

“ನಿಮ್ಮ ತಾಯಿಯವರ ಹಿಡಿ ಧಾನ್ಯ ಆ ಖಾನೆಯಲ್ಲಿ ಇರಲಿ. ಖಾಲಿಯಾದುದನ್ನು ಮಾತ್ರ ಖಾಲಿ ಎಂದು ಬರೆಯಿರಿ,” ಎಂದಿತು ಮೊಬೈಲು.

ಇಷ್ಟು ದಿನ ನಾನು ಕಂಪ್ಯೂಟರಿಗೆ ನಮ್ಮ ಮನೆಯ ರೂಢಿ ತಿಳಿಯದು ಎಂದು ಮನಸ್ಸಿನಲ್ಲೇ ವಾದ ಹೂಡಿಕೊಂಡು ಬಂದಿದ್ದೆ. ಅದಕ್ಕೆ ಜಾಗ ಇತ್ತು. ಜಾಗ ಇರಬೇಕೆಂದು ಸುನಂದಾ ಊಹಿಸಿದ್ದಳು, ಅದನ್ನು ನನ್ನ ಸಲುವಾಗಿಯೇ ಹುಡುಕುತ್ತಿದ್ದಳು.

ಕಡೆಯ ದಿನ

ಕಡೆಯ ದಿನ ನೋಟಬುಕ್ ಮುಚ್ಚಿ, ಎಲ್ಲ ಮುಗಿಯಿತು ಎಂದೆ. ನೆರ್ಮಿನ್ ಕೈಚಾಚಿ ಅದನ್ನು ತೆಗೆದುಕೊಂಡರು. ಕನ್ನಡ ಅವರಿಗೆ ಬಾರದು, ಆದರೆ ದಿನವಿಡೀ ಆರ್ಡರು ಎಷ್ಟು ಮುಗಿದದ್ದೆಷ್ಟು ಎಂದು ಹೋಲಿಸಿ ನೋಡುವವರ ಕಣ್ಣು. ಹಾಳೆ ತಿರುವಿ, ಹನ್ನೊಂದು ಅಂಕಿ, ಹತ್ತು ಟಿಕ್ ಎಂದು ಬೆರಳಿಟ್ಟು ತೋರಿಸಿದರು. ಹನ್ನೊಂದನೆಯದರ ಮೇಲೆ ಬೆರಳನ್ನು ಹಾಗೇ ಇಟ್ಟುಕೊಂಡು ಮೊಬೈಲನ್ನು ನನ್ನ ಬಾಯಿಯ ಹತ್ತಿರ ಹಿಡಿದರು.

ಓದಿದೆ. ಶಾಲೆಯ ಪಾಠದ ಹಾಗೆ, ಒಂದೊಂದೇ ಶಬ್ದ.

ತಿಳಿಯುತ್ತದೆ ಎಂದು ಅವರು ತಲೆಯಾಡಿಸಿದರು. ನಿಮ್ಮ ಕಡೆಯ ಪರದೆಯಲ್ಲಿ ಕಾಣುವುದಿಲ್ಲ, ನಮ್ಮ ಕಡೆ ಕಾಣುತ್ತದೆ, ತೋರಿಸುತ್ತೇನೆ ಇರಿ ಎಂದರು. ತೋರಿಸಲು ಯಾವುದಾದರೊಂದು ನೂಲು ಬೇಕಿತ್ತು. ನಮ್ಮ ಶೆಡ್ಡಿನ ಪಟ್ಟಿ ತೆರೆದು, ಈಚೆಗೆ ತಡವಾಗಿದ್ದ ದಾಳಿಂಬ ಬಣ್ಣವನ್ನೇ ಒತ್ತಿದರು. ಸಾಲುಗಳು ಬಂದವು. ಪ್ರತಿ ಸಾಲಿಗೆ ತಾರೀಖು, ಹೊತ್ತು, ಹೆಸರು. ಗೋದಾಮಿನ ಲೆಕ್ಕ ತುಂಬಲು ಸುನಂದಾ ನನ್ನ ಹೆಸರಿನಲ್ಲೇ ಲಾಗಿನ್ ಎಂಬ ಬೇರೆ ಬಾಗಿಲು ಮಾಡಿಕೊಟ್ಟಿದ್ದಳು. ಗುರುಪಾದ, ಒಂದು. ಗುರುಪಾದ, ಒಂದು. ಎಂಟು ದಿನ ಹಾಗೇ. ಆಮೇಲೆ ಮುಂಜಾನೆ ಎಂಟೂ ನಲವತ್ತಕ್ಕೆ, ಗುರುಪಾದ, ಒಂದು ತೆಗೆದು ಸೊನ್ನೆ.

ನೆರ್ಮಿನ್ ಓದಿದರು. ನನ್ನ ಕೊರಳಲ್ಲಿ ಗಿರಣಿಯವರು ಹಾಕಿದ್ದ ಹೆಸರಿನ ಚೀಟಿ ನೋಡಿದರು. ಕನ್ನಡಕ ಇಳಿಸಿ ಮೆಲ್ಲಗೆ ಏನೋ ಹೇಳಿದರು, ಮೊಬೈಲು ಅದನ್ನು ತನ್ನ ಎಂದಿನ ಗಟ್ಟಿ ದನಿಯಲ್ಲೇ ಹೇಳಿತು:

“ಒಂದು ಚೀಲ ಇದೆ ಎಂದಿದ್ದರೆ ನಾನೂ ನೂಲು ತರಿಸುತ್ತಿರಲಿಲ್ಲ. ಯೋಜನೆ ಮಾಡಿದವರು ಸರಿಯಾಗಿಯೇ ಮಾಡಿದ್ದಾರೆ.”

ಇದನ್ನು ಅಳಿಸಲು ಬರುತ್ತದೆಯೇ ಎಂದು ನಾನು ಕೇಳಿದೆ. ಕೇಳಿದ್ದು ನಾಚಿಕೆಗೇಡು, ಆದರೂ ಕೇಳಿದೆ. ಅವರು ಹುಬ್ಬೇರಿಸಿ, ಗದ್ದ ಮೇಲಕ್ಕೆತ್ತಿದರು. ಈ ಸಲ ನನಗೆ ಅರ್ಥವಾಯಿತು. ಇಲ್ಲಿ ಯಾವ ಸಾಲೂ ಅಳಿಯುವುದಿಲ್ಲ, ತಪ್ಪಾದರೆ ಅದರ ಕೆಳಗೆ ಸರಿಯಾದ ಇನ್ನೊಂದು ಸಾಲು ಸೇರಿಸುತ್ತೇವೆ, ಎರಡೂ ಉಳಿಯುತ್ತವೆ ಎಂದರು.

ನೋಟಬುಕ್ಕಿನ ಎರಡು ಸಾಲು ಹಾಗೇ ಖಾಲಿ ಇದ್ದವು. ಬರೆಯಲು ಪೆನ್ನು ತೆಗೆದು ಮತ್ತೆ ಕಿಸೆಗೆ ಹಾಕಿದೆ. ಅದು ಬರೆದುಕೊಂಡು ಹೋಗಿ ಕೈಗೆ ಕೊಡುವ ಉತ್ತರವಲ್ಲ ಅನಿಸಿತು.

ಕಾರು ಹೊರಟಾಗ ನೆರ್ಮಿನ್ ಒಂದು ತಂಬಿಗೆಯಷ್ಟು ನೀರನ್ನು ಹಿಂದಿನಿಂದ ರಸ್ತೆಗೆ ಚೆಲ್ಲಿದರು. ಹೋಗುವವರು ನೀರು ಹರಿದಷ್ಟು ಸುಲಭವಾಗಿ ಹೋಗಿ ಬರಲಿ ಎಂದು. ಗಲಗಲಿಯಲ್ಲಿ ಕೃಷ್ಣೆ ಹರಿಯುವುದನ್ನು ನೋಡಿದವನಿಗೆ ಗೊತ್ತು, ಹಿನ್ನೀರು ನಿಂತ ಕಡೆ ನೀರೂ ಸುಲಭಕ್ಕೆ ಹರಿಯುವುದಿಲ್ಲ. ದಾರಿಯುದ್ದಕ್ಕೂ, ಮೂರು ವಿಮಾನ ನಿಲ್ದಾಣಗಳಲ್ಲಿಯೂ, ನಾನು ಒಂದೇ ಮಾತನ್ನು ಹೊಂದಿಸುತ್ತ ಬಂದೆ.

ಮತ್ತೆ ಬನಹಟ್ಟಿ

ನಮ್ಮ ಶೆಡ್ಡಿನಲ್ಲಿ ಮಗ್ಗ ಓಡುವಾಗ ಮಾತು ಕೇಳಿಸುವುದಿಲ್ಲ. ಅಲ್ಲಿ ಏನು ಹೇಳಿದರೂ ಹೇಳಿದ ಹಾಗೂ ಆಗುತ್ತದೆ, ಯಾರಿಗೂ ಕೇಳಿಸದ ಹಾಗೂ ಆಗುತ್ತದೆ. ಊರು ಮುಟ್ಟಿದ ಮುಂಜಾನೆ ಆ ಸಪ್ಪಳದಲ್ಲೇ ಹೇಳಿಬಿಡೋಣ ಎಂದು ಎರಡು ಸಲ ಕಂಡಿಕೆ ಯಂತ್ರದ ತನಕ ಹೋಗಿ ಬಂದೆ. ಎರಡನೆಯ ಸಲ ಸುನಂದಾ ತಲೆಯೆತ್ತಿ ನೋಡಿದಳು. ನಾನು ‘ಕೊಲಾಯ್ ಗೆಲ್ಸಿನ್’ ಎಂದೆ. ಆಕೆಗೆ ಕೇಳಿಸಲಿಲ್ಲ.

ಮಧ್ಯಾಹ್ನ ಊಟಕ್ಕೆ ಮಗ್ಗಗಳು ಒಂದೊಂದಾಗಿ ನಿಂತವು. ನೇಕಾರರು ಕೈ ತೊಳೆದು ಬುತ್ತಿ ಬಿಚ್ಚತೊಡಗಿದರು. ಕಾಕಾ ಆಫೀಸಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ತುರ್ಕಿಯಲ್ಲಿ ಏನೇನು ನೋಡಿದಿ ಎಂದು ಎಲ್ಲರ ಮುಂದೆ ಕೇಳಿದರು. ಹುಂಜದ ವಿಷಯ ಹೇಳಿದೆ, ಗಾಳಿಯಿಂದ ನೇಯುವ ಮಗ್ಗದ ವಿಷಯ ಹೇಳಿದೆ, ನೀರು ಚಿಮುಕಿಸಿದ ರೊಟ್ಟಿಯ ವಿಷಯವನ್ನೂ ಹೇಳಿಬಿಟ್ಟೆ. ನಕ್ಕರು.

ಸುನಂದಾ ಕೈಗೆ ಹತ್ತಿದ್ದ ನೂಲಿನ ಧೂಳು ಕೊಡವಿ ಬಂದು ನೋಟಬುಕ್ ತೆಗೆದುಕೊಂಡಳು. ನಿಂತೇ ಓದಿದಳು. ನಾಲ್ಕನೆಯ ಉತ್ತರವನ್ನು ಎರಡು ಸಲ ಓದಿ, “ಅಂಥಾದೊಂದ ಖಾನೆ ಇರಬೇಕಂತ ಅನಿಸಿತ್ತ ನನಗ,” ಎಂದಳು. ಆಮೇಲೆ ಕಡೆಯ ಹಾಳೆ ತಿರುವಿದಳು.

“ಹನ್ನೊಂದನೇದಕ್ಕ ಉತ್ತರ ಇಲ್ಲಲ್ಲ ಅಣ್ಣಾ?”

“ಐತಿ. ಬರದಿಲ್ಲ.”

“ಯಾಕ?”

ಬುತ್ತಿ ಬಿಚ್ಚುತ್ತಿದ್ದವರ ಕೈ ನಿಂತವು. ಕಾಕಾ ನನ್ನನ್ನೇ ನೋಡುತ್ತಿದ್ದರು. ಒಂದು ಮಗ್ಗವೂ ಓಡುತ್ತಿರಲಿಲ್ಲ.

“ಯಾರ ಬದಲಿ ಮಾಡ್ಯಾರ ಅಂತ ಅಲ್ಲಿ ಗೊತ್ತಾಗತೈತಿ ತಂಗೆವ್ವಾ. ಹೆಸರ ನಂದ ಐತಿ. ದಾಳಿಂಬ ನೂಲಿನ ಚೀಲ ಇರಲೇ ಇಲ್ಲ, ಐತಿ ಅಂತ ಎಂಟ ದಿನಾ ಬರದಾಂವ ನಾನ. ಮಗ್ಗ ನಿಂತ ದಿನಾ ನೀ ಬರೂದರೊಳಗ ಅದನ್ನ ಸೊನ್ನಿ ಮಾಡಿದಾಂವನೂ ನಾನ. ಕಾಕಾ, ಕೇಳ್ರಿ, ಆಕಿ ಲೆಕ್ಕ ಸರಿ ಇತ್ತು. ಆಕಿ ಬೈಸಿಕೊಳ್ಳುವಾಗ ನಾ ಅಲ್ಲೇ ಕೋನು ಎಣಸ್ಕೊಂತ ನಿಂತಿದ್ದೆ, ಬಾಯಿ ತಗೀಲಿಲ್ಲ. ಸುನಂದಾ, ತಪ್ಪ ನಂದು. ತಪ್ಪಾತವ್ವಾ.”